ಹಾರ್ನಿಮನ್ ಸಾಹೇಬರ ಮುಂಬಯಿ

ಮುಂಬಯಿಯ ಕೋಟೆ ಪ್ರದೇಶದಲ್ಲಿ ಹಳೆಯ ಟೌನ್‌ಹಾಲ್ ಇದೆ. ಏಶಿಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವುದು ಅಲ್ಲೇ. ಅದರ ಎತ್ತರದ ಮೆಟ್ಟಿಲುಗಳ ಮೇಲೆ ನಿಂತು ಎದುರಿಗೆ ನೋಡಿದರೆ ದುಂಡನೆಯ ಉದ್ಯಾನವೊಂದು ಕಾಣುತ್ತದೆ. ಅದನ್ನು ಬಳಸಿಕೊಂಡು ಕಮಾನುಗಳ ಸಾಲಿರುವ ಕಲ್ಲಿನ ಕಟ್ಟಡಗಳು ನಿಂತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ವೃತ್ತವನ್ನು ಕಟ್ಟಿದಾಗ ಅದಕ್ಕೆ ಗವರ್ನರ್ ಆಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ ಹೆಸರಿಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಊರೂರಿನಲ್ಲಿ ಇಂಗ್ಲಿಷರ ಹೆಸರುಗಳನ್ನು ಅಳಿಸಿ ನಮ್ಮವರ ಹೆಸರು ಬರೆಯುವ ಕೆಲಸ ನಡೆಯಿತು. ಎಲ್ಫಿನ್‌ಸ್ಟನ್ ಹೆಸರೂ ಹೋಯಿತು. ಆದರೆ ಅದರ ಜಾಗಕ್ಕೆ ಬಂದದ್ದು ಯಾರ ಹೆಸರು? ಬೆಂಜಮಿನ್ ಗೈ ಹಾರ್ನಿಮನ್ ಎಂಬ ಇನ್ನೊಬ್ಬ ಇಂಗ್ಲಿಷನದು!

ಒಬ್ಬ ಬಿಳಿಯನನ್ನು ತೆಗೆದು ಇನ್ನೊಬ್ಬ ಬಿಳಿಯನನ್ನು ಅಲ್ಲಿ ಕೂರಿಸಿದ ಮುಂಬಯಿಯವರು ಲೆಕ್ಕ ತಪ್ಪಿರಲಿಲ್ಲ. ಮೊದಲನೆಯವನು ಆ ಊರನ್ನು ಆಳಲು ಬಂದವನು. ಎರಡನೆಯವರು ಅಲ್ಲಿ ಅಖಬಾರು ನಡೆಸಲು ಬಂದು, ಸರ್ಕಾರದಿಂದ ಹೊರಹಾಕಿಸಿಕೊಂಡು, ಏಳು ವರ್ಷ ಕಾದು, ಮತ್ತೆ ಅದೇ ಊರಿಗೆ ಬಂದು ಅಲ್ಲೇ ಕಣ್ಣು ಮುಚ್ಚಿದವರು.

ಉರ್ದುವಿನಲ್ಲಿ ಕವಿಗಳು, ಬರಹಗಾರರು ತಮ್ಮ ಹೆಸರಿನ ಜೊತೆಗೆ ಊರಿನ ಹೆಸರು ಅಂಟಿಸಿಕೊಳ್ಳುವ ಪದ್ಧತಿ ಇದೆ. ದೆಹಲ್ವಿ, ಲಖನವಿ, ಬರೇಲ್ವಿ ಹೀಗೆ. ಕನ್ನಡದಲ್ಲಿ ನಾವು ಅದನ್ನೇ ಇನಿಷಿಯಲ್ ಮಾಡಿ ಹೆಸರಿನ ಮುಂದೆ ಇಟ್ಟುಕೊಳ್ಳುತ್ತೇವೆ. ಎರಡೂ ಕಡೆ ನಿಯಮ ಒಂದೇ, ಹುಟ್ಟಿದ ಊರು ಅಥವಾ ತಾತ ಮುತ್ತಾತಂದಿರ ಊರು. ದಾಗ್ ದೆಹಲ್ವಿ ತಮ್ಮ ಕೊನೆಯ ವರ್ಷಗಳನ್ನು ನಿಜಾಮರ ಆಶ್ರಯದಲ್ಲಿ ಕಳೆದು 1905ರಲ್ಲಿ ಹೈದರಾಬಾದಿನಲ್ಲೇ ತೀರಿಕೊಂಡರೂ ದೆಹಲ್ವಿಯಾಗಿಯೇ ಉಳಿದರು. ಮನುಷ್ಯ ತಾನಾಗಿ ಆರಿಸಿಕೊಂಡ ಊರಿಗೆ ಹೆಸರಿನಲ್ಲಿ ಜಾಗವಿಲ್ಲ. ಆ ಊರೇ ಮನಸ್ಸು ಮಾಡಿ ತನ್ನ ಒಂದು ಬೀದಿಗೋ ವೃತ್ತಕ್ಕೋ ಅವನ ಹೆಸರಿಟ್ಟುಕೊಂಡರೆ ಮಾತ್ರ ಆ ನಂಟು ನಾಲ್ಕು ಜನರಿಗೆ ತಿಳಿಯುತ್ತದೆ.

ಹಾರ್ನಿಮನ್ ಹುಟ್ಟಿದ್ದು 1873ರ ಜುಲೈಯಲ್ಲಿ, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ. ತಂದೆ ಬ್ರಿಟಿಷ್ ನೌಕಾಪಡೆಯಲ್ಲಿ ಸಂಬಳ ಬಟವಾಡೆಯ ಹಿರಿಯ ಅಧಿಕಾರಿ. ಮಗನೂ ಮೊದಲು ಸೈನಿಕ ಶಿಕ್ಷಣದತ್ತ ಹೋದವನೇ. ಆದರೆ 1894ರಲ್ಲಿ ಪೋರ್ಟ್ಸ್‌ಮತ್ ಊರಿನ ಒಂದು ಸಂಜೆ ಪತ್ರಿಕೆಗೆ ಸೇರಿದ ಮೇಲೆ ಶಾಯಿಯ ವಾಸನೆ ಅವರನ್ನು ಬಿಡಲಿಲ್ಲ. ಡೈಲಿ ಕ್ರಾನಿಕಲ್, ಮ್ಯಾಂಚೆಸ್ಟರ್ ಗಾರ್ಡಿಯನ್ ಮುಂತಾದ ಪತ್ರಿಕೆಗಳಲ್ಲಿ ದುಡಿದು, 1906ರಲ್ಲಿ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಸುದ್ದಿ ಸಂಪಾದಕರಾಗಿ ಹಿಂದೂಸ್ತಾನಕ್ಕೆ ಬಂದರು. ಅದು ಬಂಗಾಳ ವಿಭಜನೆಯ ಬೆಂಕಿ ಹೊತ್ತಿ ಉರಿಯುತ್ತಿದ್ದ ಕಾಲ. ಬಿಳಿಯರ ಮಾಲೀಕತ್ವದ ಪತ್ರಿಕೆಯ ಕಚೇರಿಯಲ್ಲಿ ಕುಳಿತು ದೇಶೀಯರ ಸಿಟ್ಟನ್ನು ಹತ್ತಿರದಿಂದ ನೋಡುವ ಅವಕಾಶ ಅವರಿಗೆ ಸಿಕ್ಕಿತು. ಸಾವಿರಾರು ಇಂಗ್ಲಿಷರಿಗೂ ಅದೇ ಅವಕಾಶ ಸಿಕ್ಕಿತ್ತು ಎನ್ನುವುದನ್ನು ಮರೆಯಬಾರದು. ನೋಡಲು ಕಣ್ಣು ಬೇಕಲ್ಲ!

1913ರಲ್ಲಿ ಸರ್ ಫಿರೋಜ್‌ಶಾ ಮೆಹ್ತಾ ಮುಂಬಯಿಯಲ್ಲಿ 'ಬಾಂಬೆ ಕ್ರಾನಿಕಲ್' ಎಂಬ ಇಂಗ್ಲಿಷ್ ದಿನಪತ್ರಿಕೆ ಆರಂಭಿಸಿದರು. ಆ ನಗರದ ಪ್ರಬಲ ಇಂಗ್ಲಿಷ್ ಪತ್ರಿಕೆಯಾಗಿದ್ದ ಟೈಮ್ಸ್ ಆಫ್ ಇಂಡಿಯಾ ಆಗ ಬ್ರಿಟಿಷರ ಕೈಯಲ್ಲಿತ್ತು. ಅದರ ದನಿಯೂ ಅವರದೇ. ನಗರಸಭೆಯ ರಾಜಕಾರಣದಲ್ಲಿ ಅದರ ಏಟು ತಿಂದಿದ್ದ ಮೆಹ್ತಾ, ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಪತ್ರಿಕೆ ಬೇಕೆಂದು ಬಯಸಿದರು. ಅದಕ್ಕಾಗಿ ಕಲ್ಕತ್ತೆಯಿಂದ ಕರೆಸಿಕೊಂಡದ್ದು ಹಾರ್ನಿಮನ್ನರನ್ನು. ಮೆಹ್ತಾ ಮಿತವಾದಿ, ಕಾನೂನಿನ ಗೆರೆ ದಾಟದ ಮನುಷ್ಯ. 1915ರ ನವೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಪತ್ರಿಕೆಯ ದನಿ ಇನ್ನಷ್ಟು ಏರಿತು. ಮುಂದೆ ಅದರ ಆಡಳಿತ ಉಮರ್ ಸೋಬಾನಿ ಮತ್ತು ಶಂಕರಲಾಲ್ ಬ್ಯಾಂಕರ್ ಎಂಬ ಇಬ್ಬರು ತರುಣರ ಕೈಗೆ ಬಂತು. ಸೋಬಾನಿ ಹತ್ತಿಯ ವ್ಯಾಪಾರಿ, ಗಿರಣಿ ಮಾಲೀಕ. ಪಾರ್ಸಿ ಕಟ್ಟಿದ ಪತ್ರಿಕೆ, ಮುಸ್ಲಿಮ್ ಮತ್ತು ಹಿಂದೂ ವ್ಯವಸ್ಥಾಪಕರು, ಕ್ರೈಸ್ತ ಸಂಪಾದಕ. ಇದು ಯಾರೋ ಸೌಹಾರ್ದ ಸಮ್ಮೇಳನಕ್ಕೆಂದು ಜೋಡಿಸಿದ ವೇದಿಕೆಯಲ್ಲ. ಆಗಿನ ಮುಂಬಯಿಯ ದಿನನಿತ್ಯದ ವ್ಯವಹಾರವೇ ಹಾಗಿತ್ತು.

ಆಗ ಪತ್ರಿಕೆ ನಡೆಸುವುದೆಂದರೆ ಏನೆಂದು ತಿಳಿಯಲು 1910ರ ಪ್ರೆಸ್ ಕಾಯಿದೆಯನ್ನು ನೋಡಬೇಕು. ಹೊಸದಾಗಿ ಮುದ್ರಣಾಲಯ ತೆರೆಯುವವನು ಮ್ಯಾಜಿಸ್ಟ್ರೇಟರ ಬಳಿ 500ರಿಂದ 2,000 ರೂಪಾಯಿವರೆಗೆ ಠೇವಣಿ ಇಡಬೇಕು. ಬರೆದದ್ದು ಸರ್ಕಾರಕ್ಕೆ ಹಿಡಿಸದಿದ್ದರೆ ಆ ಹಣ ಜಪ್ತಿ. ಮತ್ತೆ ಮುದ್ರಿಸಬೇಕಾದರೆ 1,000ದಿಂದ 10,000 ರೂಪಾಯಿವರೆಗೆ ಹೊಸ ಠೇವಣಿ. ಮತ್ತೊಮ್ಮೆ ಸಿಟ್ಟು ಬಂದರೆ ಹಣದ ಜೊತೆಗೆ ಯಂತ್ರವೂ ಹೋಗುತ್ತದೆ. ಸಂಪಾದಕನನ್ನು ಜೈಲಿಗೆ ಹಾಕಿದರೆ ಅವನು ವೀರನಾಗುತ್ತಾನೆ, ಮಾಲೀಕನ ಕಿಸೆಗೆ ಕೈ ಹಾಕಿದರೆ ಮಾಲೀಕನೇ ಸಂಪಾದಕನ ಬಾಯಿ ಮುಚ್ಚಿಸುತ್ತಾನೆ. ಕಾಯಿದೆಯ ಜಾಣತನ ಇದರಲ್ಲಿತ್ತು. (ಈ ಜಾಣತನ ಆ ಕಾಯಿದೆಯೊಂದಿಗೇ ಸತ್ತಿತೆಂದು ಯಾರೂ ಭ್ರಮಿಸಬೇಕಾಗಿಲ್ಲ.) ಇದರ ವಿರುದ್ಧ ಹೋರಾಡಲು 1915ರಲ್ಲಿ ಪ್ರೆಸ್ ಅಸೋಸಿಯೇಶನ್ ಆಫ್ ಇಂಡಿಯಾ ಹುಟ್ಟಿಕೊಂಡಾಗ ಅದರ ಅಧ್ಯಕ್ಷರಾದವರು ಹಾರ್ನಿಮನ್. ದೊಡ್ಡ ಪತ್ರಿಕೆಯ ಇಂಗ್ಲಿಷ್ ಸಂಪಾದಕನಿಗೆ ಈ ಉಸಾಬರಿ ಬೇಕಿರಲಿಲ್ಲ. ಠೇವಣಿ ಕಟ್ಟಲಾಗದೆ ಮುಚ್ಚಿಹೋಗುತ್ತಿದ್ದ ಸಣ್ಣಪುಟ್ಟ ದೇಶಭಾಷಾ ಪತ್ರಿಕೆಗಳ ಪರವಾಗಿ ಅವರು ನಿಂತರು.

1916ರ ಏಪ್ರಿಲ್‌ನಲ್ಲಿ ನಮ್ಮ ಬೆಳಗಾವಿಯಲ್ಲಿ ತಿಲಕರು ಹೋಂರೂಲ್ ಲೀಗ್ ಕಟ್ಟಿದರು. ಅದೇ ವರ್ಷ ಅನಿ ಬೆಸೆಂಟರ ಇನ್ನೊಂದು ಲೀಗ್ ಬಂತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳೆಲ್ಲ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಂದರೆ ಮುಂಬಯಿಯ ಗವರ್ನರನೇ ನಮ್ಮ ಈ ಜಿಲ್ಲೆಗಳಿಗೂ ದೊರೆ. ಹಾರ್ನಿಮನ್ ಬೆಸೆಂಟರ ಲೀಗಿನ ಉಪಾಧ್ಯಕ್ಷರಾದರು. ಅದರ ಮುಂಬಯಿ ಶಾಖೆಗೆ 1917ರಲ್ಲಿ ಅಧ್ಯಕ್ಷರಾಗಿ ಬಂದವರು ಆ ನಗರದ ಹೆಸರಾಂತ ಬ್ಯಾರಿಸ್ಟರ್ ಮುಹಮ್ಮದ್ ಅಲಿ ಜಿನ್ನಾ. ಆಗಿನ ಜಿನ್ನಾ ಕಾಂಗ್ರೆಸ್ಸಿನಲ್ಲೂ ಇದ್ದರು, ಮುಸ್ಲಿಮ್ ಲೀಗಿನಲ್ಲೂ ಇದ್ದರು. ಹಿಂದೂ ಮುಸ್ಲಿಮ್ ಐಕ್ಯತೆಯ ರಾಯಭಾರಿ ಎಂದು ಜನ ಕೊಂಡಾಡುತ್ತಿದ್ದ ಕಾಲ ಅದು. ಸರ್ಕಾರಕ್ಕೆ ಈ ಇಬ್ಬರೂ ಕಣ್ಣಲ್ಲಿ ಬಿದ್ದ ಕಸದಂತಿದ್ದರು.

ಇವರಿಬ್ಬರ ದೋಸ್ತಿಯ ಒಂದು ಪ್ರಸಂಗವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಅದು ನಡೆದದ್ದು ಇದೇ ಟೌನ್‌ಹಾಲಿನಲ್ಲಿ.

ಹಾರ್ನಿಮನ್ ಮುಂಬಯಿಗೆ ಬಂದ ವರ್ಷವೇ, ಅಂದರೆ 1913ರಲ್ಲಿ, ಲಾರ್ಡ್ ವಿಲಿಂಗ್ಡನ್ ಗವರ್ನರಾಗಿ ಬಂದಿದ್ದ. ನಯವಾದ ಮಾತಿನ, ಕ್ರಿಕೆಟ್ ಪ್ರೇಮಿ. ಆದರೆ 1918ರ ಜೂನಿನಲ್ಲಿ ಯುದ್ಧಕ್ಕೆ ಸಹಾಯ ಕೇಳಲು ಕರೆದ ಸಭೆಯಲ್ಲಿ ಹೋಂರೂಲ್ ಮುಖಂಡರನ್ನು ಬಾಯಿಗೆ ಬಂದಂತೆ ಆಡಿದ. ತಿಲಕರು ಎದ್ದು ಮಾತನಾಡತೊಡಗಿದಾಗ ಅವರನ್ನು ತಡೆದ. ಮುಂಬಯಿ ಇದನ್ನು ಮರೆಯಲಿಲ್ಲ. ಡಿಸೆಂಬರಿನಲ್ಲಿ ಅವನ ಅವಧಿ ಮುಗಿದಾಗ ಸರ್ಕಾರಕ್ಕೆ ಹತ್ತಿರದ ಶ್ರೀಮಂತರು, ಬಿರುದಾಂಕಿತರು ಸೇರಿ 'ಮುಂಬಯಿಯ ನಾಗರಿಕರ ಪರವಾಗಿ' ಅವನಿಗೊಂದು ಸ್ಮಾರಕ ನಿರ್ಮಿಸುವ ಏರ್ಪಾಡು ಮಾಡಿದರು. ಡಿಸೆಂಬರ್ 11ರಂದು ಟೌನ್‌ಹಾಲಿನಲ್ಲಿ ಸಾರ್ವಜನಿಕ ಸಭೆ. ಅಧ್ಯಕ್ಷತೆ ಸರ್ ಜಮ್ಶೆಟ್‌ಜಿ ಜೀಜೀಭಾಯ್ ಅವರದು.

ಸಾರ್ವಜನಿಕ ಸಭೆಯೆಂದ ಮೇಲೆ ಸಾರ್ವಜನಿಕರು ಬರಬಾರದೇ? ಜಿನ್ನಾ, ಹಾರ್ನಿಮನ್ ಮತ್ತು ಅವರ ಸಂಗಡಿಗರು ಬೆಳಗಿನಿಂದಲೇ ಟೌನ್‌ಹಾಲಿನ ಮೆಟ್ಟಿಲುಗಳ ಬಳಿ ಸಾಲು ನಿಂತರು. ಬಾಗಿಲು ತೆರೆದಾಗ ಒಳಹೋಗಿ ಮುಂದಿನ ಕುರ್ಚಿಗಳಲ್ಲಿ ಕುಳಿತರು. ಸಭೆ ಆರಂಭವಾದದ್ದೇ ತಡ, 'ಇಲ್ಲ, ಇಲ್ಲ' ಎಂಬ ಕೂಗು ಎದ್ದಿತು. ಯಾರ ಮಾತು ಯಾರಿಗೂ ಕೇಳದಂತಹ ಗದ್ದಲ. ಆ ಗದ್ದಲದಲ್ಲೇ ಠರಾವು ಪಾಸಾಯಿತೆಂದು ಸಾರಿದರು. ಪೊಲೀಸರು ಒಳನುಗ್ಗಿ ಸಭಾಂಗಣ ಖಾಲಿ ಮಾಡಿಸಿದರು. ಆ ತಳ್ಳಾಟದಲ್ಲಿ ಜಿನ್ನಾರಿಗೂ ಏಟು ಬಿತ್ತು. ಯಾವಾಗಲೂ ಇಸ್ತ್ರಿ ಕೆಡದ ಸೂಟಿನಲ್ಲಿರುತ್ತಿದ್ದ ಆ ಬ್ಯಾರಿಸ್ಟರ್ ಪೊಲೀಸರ ಕೈಯಲ್ಲಿ ನೂಕಿಸಿಕೊಂಡು ಹೊರಬಂದದ್ದನ್ನು ಮುಂಬಯಿ ಕಣ್ಣಾರೆ ಕಂಡಿತು. ಹೊರಗೆ ನೆರೆದಿದ್ದ ಜನ ಅವರನ್ನು ಮೆರವಣಿಗೆಯಂತೆ ಕರೆದೊಯ್ದು ಅಪೋಲೊ ಬೀದಿಯಲ್ಲಿ ಸಭೆ ನಡೆಸಿದರು. ಗವರ್ನರನ ಸ್ಮಾರಕದ ಮಾತು ಅಲ್ಲಿಗೇ ನಿಂತಿತು. ಬದಲಿಗೆ ಸಾಮಾನ್ಯರು ಒಂದೊಂದು ರೂಪಾಯಿ ವಂತಿಗೆ ಹಾಕಿ ಜಿನ್ನಾ ಹೆಸರಿನಲ್ಲಿ ಸಭಾಭವನ ಕಟ್ಟಿಸಿದರು. ಲ್ಯಾಮಿಂಗ್ಟನ್ ರಸ್ತೆಯ ಕಾಂಗ್ರೆಸ್ ಹೌಸಿನ ಆವರಣದಲ್ಲಿರುವ ಆ ಪೀಪಲ್ಸ್ ಜಿನ್ನಾ ಹಾಲ್ ಇವತ್ತಿಗೂ ಪಿ.ಜೆ. ಹಾಲ್ ಎಂಬ ಮೊಟಕು ಹೆಸರಿನಲ್ಲಿದೆ. ಪೂರ್ತಿ ಹೆಸರು ಹೇಳಲು ಎಲ್ಲರಿಗೂ ಮುಜುಗರ. ಎರಡು ಅಕ್ಷರದ ಹಿಂದೆ ಎಷ್ಟು ದೊಡ್ಡ ಚರಿತ್ರೆ ಅಡಗಿ ಕೂರಬಲ್ಲದು ನೋಡಿ!

ಮುಂದಿನ ನಾಲ್ಕು ತಿಂಗಳು ಬಹಳ ವೇಗವಾಗಿ ಉರುಳಿದವು. ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಬಂಧಿಸಿಡಬಹುದಾದ ರೌಲತ್ ಕಾಯಿದೆ 1919ರ ಮಾರ್ಚಿನಲ್ಲಿ ಬಂತು. ಗಾಂಧೀಜಿ ಸತ್ಯಾಗ್ರಹ ಸಭಾ ಸ್ಥಾಪಿಸಿದಾಗ ಹಾರ್ನಿಮನ್ ಅದರ ಉಪಾಧ್ಯಕ್ಷರಾದರು. ಹಿಂದಿನ ವರ್ಷ ಖೇಡಾ ರೈತರ ಸತ್ಯಾಗ್ರಹದ ಸಮಯದಲ್ಲೇ ಅವರ ಪತ್ರಿಕೆ ಗಾಂಧೀಜಿಯ ಬೆನ್ನಿಗೆ ನಿಂತಿತ್ತು. ಏಪ್ರಿಲ್ 6ರ ಭಾನುವಾರ ಮುಂಬಯಿ ಪೂರ್ತಿ ಹರತಾಳ ಆಚರಿಸಿತು. ಅಂದು ಚೌಪಾಟಿಯಲ್ಲಿ ಜನ ಸಮುದ್ರಸ್ನಾನ ಮಾಡಿ ಮೆರವಣಿಗೆ ಹೊರಟರು. ಮುಸಲ್ಮಾನರು ಗಾಂಧೀಜಿ ಮತ್ತು ಸರೋಜಿನಿ ನಾಯ್ಡು ಅವರನ್ನು ತಮ್ಮ ಮಸೀದಿಗೆ ಕರೆದೊಯ್ದು ಭಾಷಣ ಮಾಡಿಸಿದರು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ. ಸರ್ಕಾರವೇ ಒಪ್ಪಿಕೊಂಡ ಹೆಣಗಳ ಲೆಕ್ಕ 379. ಪಂಜಾಬಿನಲ್ಲಿ ಸೈನಿಕ ಆಡಳಿತ ಹೇರಿ ಸುದ್ದಿ ಹೊರಬೀಳದಂತೆ ಬಾಗಿಲು ಹಾಕಿದರು. ಕ್ರಾನಿಕಲ್ ಪತ್ರಿಕೆಗೆ ಅಲ್ಲಿಂದ ಸುದ್ದಿ ಕಳಿಸುತ್ತಿದ್ದ ಗೋವರ್ಧನ ದಾಸ್ ಜೈಲು ಸೇರಬೇಕಾಯಿತು.

ಏಪ್ರಿಲ್ 26ರಂದು ಹಾರ್ನಿಮನ್ನರ ಸರದಿ ಬಂತು. ಅವರು ಕಾಯಿಲೆಯಿಂದ ಮಲಗಿದ್ದರು. ಪೊಲೀಸರು ಬಂದು ಭಾರತ ರಕ್ಷಣಾ ನಿಯಮದ ಆದೇಶ ತೋರಿಸಿ ಅವರನ್ನು ಹಾಸಿಗೆಯಿಂದ ಎಬ್ಬಿಸಿ, ಇಂಗ್ಲೆಂಡಿಗೆ ಹೊರಟಿದ್ದ ಹಡಗು ಹತ್ತಿಸಿದರು. ಕೋರ್ಟಿಲ್ಲ, ವಿಚಾರಣೆಯಿಲ್ಲ. ದಿಲ್ಲಿಯ ಗುಂಪಿನ ಮೇಲೆ ಮೆದು ಮೂತಿಯ ಗುಂಡು ಹಾರಿಸಿದರೆಂದು ಪತ್ರಿಕೆ ಬರೆಯಿತು, ಬ್ರಿಟಿಷ್ ಸೈನಿಕರಿಗೆ ಪತ್ರಿಕೆಯನ್ನು ಪುಕ್ಕಟೆ ಹಂಚಿ ಅವರ ಮನಸ್ಸು ಕೆಡಿಸಲು ನೋಡಿತು ಎಂದು ಭಾರತ ಮಂತ್ರಿ ಮಾಂಟೆಗ್ಯೂ ಆಮೇಲೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕಾರಣ ಕೊಟ್ಟ.

ನಮ್ಮಲ್ಲಿ 'ಗಡೀಪಾರು' ಎಂಬ ಮಾತಿದೆ. ಗಡಿಯ ಆಚೆ ಹಾಕುವುದು ಎಂದರೆ ಸ್ವಂತ ಊರಿನಿಂದ ಪರಸ್ಥಳಕ್ಕೆ ಅಟ್ಟುವುದು ಎಂದೇ ಎಲ್ಲರ ತಿಳುವಳಿಕೆ. ಇಲ್ಲಿ ಆದದ್ದು ತಿರುಗುಮುರುಗು. ಒಬ್ಬ ಮನುಷ್ಯನನ್ನು ಅವನ ತಾಯ್ನಾಡಿಗೆ ಕಳಿಸುವುದನ್ನೇ ಶಿಕ್ಷೆ ಎಂದು ಸರ್ಕಾರ ಬಗೆಯಿತು. ಆ ಮನುಷ್ಯನೂ ಅದನ್ನು ಶಿಕ್ಷೆಯೆಂದೇ ಬಗೆದ. ನಿನ್ನ ಊರಿಗೆ ಹೋಗು, ನಿನ್ನ ದೇಶಕ್ಕೆ ಹೋಗು ಎಂಬ ಮಾತನ್ನು ನಾವು ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇವೆ. ಹಾಗೆನ್ನುವವರು ಒಬ್ಬನ ಊರು ಯಾವುದು ಎಂಬುದನ್ನು ಹೆಸರಿನಿಂದಲೋ ತೊಗಲಿನಿಂದಲೋ ಗೊತ್ತುಮಾಡುತ್ತಾರೆ. ಮುಂಬಯಿ ಸರ್ಕಾರ ಮಾಡಿದ್ದೂ ಅದನ್ನೇ. ಆದರೆ ಮುಂಬಯಿ ಶಹರು ಹಾಗೆ ಮಾಡಲಿಲ್ಲ.

ಜನ ರೊಚ್ಚಿಗೆದ್ದಾರೆಂದು ಗಾಂಧೀಜಿಗೆ ಆತಂಕ. ಆ ತಿಂಗಳ ರಕ್ತಪಾತ ಅವರನ್ನು ಆಗಲೇ ಕಂಗೆಡಿಸಿತ್ತು. ಶಾಂತವಾಗಿರಿ ಎಂದು ಕರಪತ್ರದ ಮೇಲೆ ಕರಪತ್ರ ಹೊರಡಿಸಿದರು. ಮೇ 11ರ ಭಾನುವಾರ ಹಾರ್ನಿಮನ್ನರಿಗಾಗಿ ಹರತಾಳ ಆಚರಿಸಲು, ಉಪವಾಸವಿದ್ದು ಮನೆಯಲ್ಲಿ ತಂತಮ್ಮ ಧರ್ಮಗ್ರಂಥ ಓದಲು ಹೇಳಿದರು. ಮುಂಬಯಿ ಹಾಗೆಯೇ ಮಾಡಿತು. ಗಲಭೆಯಾಗಲಿಲ್ಲ. ಭಗವದ್ಗೀತೆ, ಕುರ್‌ಆನ್, ಅವೆಸ್ತಾಗಳನ್ನಿಟ್ಟುಕೊಂಡಿದ್ದ ಮನೆಗಳು ಒಬ್ಬ ಇಂಗ್ಲಿಷ್ ಪತ್ರಕರ್ತನಿಗಾಗಿ ಒಂದು ದಿನ ಹಸಿದು ಕುಳಿತವು. ಒಂದು ಊರು ತನ್ನವನೆಂದು ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಯಾವ ಕಚೇರಿಯಲ್ಲಿ ಸಿಗುತ್ತದೆ?

ಕ್ರಾನಿಕಲ್ ಕೆಲಕಾಲ ನಿಂತುಹೋಯಿತು. ಆ ಕೊರತೆ ತುಂಬಲು ಸೋಬಾನಿ ಮತ್ತು ಬ್ಯಾಂಕರ್ ತಮ್ಮ ಕೈಯಲ್ಲಿದ್ದ 'ಯಂಗ್ ಇಂಡಿಯಾ' ಎಂಬ ವಾರಪತ್ರಿಕೆಯನ್ನು ವಾರಕ್ಕೆರಡು ಬಾರಿ ಹೊರಡಿಸಿ, ನೀವು ನಡೆಸಿಕೊಡಿ ಎಂದು ಗಾಂಧೀಜಿಯನ್ನು ಕೇಳಿಕೊಂಡರು. ಗಾಂಧೀಜಿ ತಮ್ಮ ಆತ್ಮಕತೆಯಲ್ಲೇ ಇದನ್ನು ಹೇಳಿಕೊಂಡಿದ್ದಾರೆ. ಒಬ್ಬ ಸಂಪಾದಕನ ಬಾಯಿ ಮುಚ್ಚಿಸಿದ ಸರ್ಕಾರ ಗಾಂಧೀಜಿಯನ್ನೇ ಸಂಪಾದಕರನ್ನಾಗಿ ಮಾಡಿತು! ಯಂಗ್ ಇಂಡಿಯಾದ ಹುಟ್ಟಿನ ಕತೆಯಲ್ಲಿ ಹಾರ್ನಿಮನ್ ಹೆಸರೂ ಉಮರ್ ಸೋಬಾನಿಯ ಹೆಸರೂ ಇರುವುದನ್ನು ಈಗ ಯಾರೂ ನೆನೆಯುವುದಿಲ್ಲ. 1921ರ ಜುಲೈ 31ರಂದು ಪರೇಲಿನಲ್ಲಿ ವಿದೇಶೀ ಬಟ್ಟೆಗಳ ದೊಡ್ಡ ಹೋಳಿ ನಡೆದದ್ದೂ ಇದೇ ಸೋಬಾನಿಯ ಎಲ್ಫಿನ್‌ಸ್ಟನ್ ಗಿರಣಿಯ ಅಂಗಳದಲ್ಲಿ. ಈ ಮನುಷ್ಯನ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬೇಕು.

ಇಂಗ್ಲೆಂಡಿಗೆ ಹೋದ ಹಾರ್ನಿಮನ್ ಸುಮ್ಮನೆ ಕೂರಲಿಲ್ಲ. 1920ರಲ್ಲಿ 'ಅಮೃತ್‌ಸರ್ ಅಂಡ್ ಅವರ್ ಡ್ಯೂಟಿ ಟು ಇಂಡಿಯಾ' ಎಂಬ ಪುಸ್ತಕ ಪ್ರಕಟಿಸಿ, ಪಂಜಾಬಿನಲ್ಲಿ ತಮ್ಮ ಹೆಸರಿನಲ್ಲಿ ಏನು ನಡೆದಿದೆ ಎಂಬುದನ್ನು ಇಂಗ್ಲಿಷ್ ಓದುಗರ ಮುಂದಿಟ್ಟರು. ಡಯರನಿಗಾಗಿ ಅಲ್ಲಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆ ನಿಧಿ ಸಂಗ್ರಹಿಸಿದ ವರ್ಷವೂ ಅದೇ. ಹಿಂದೂಸ್ತಾನಕ್ಕೆ ಮರಳಲು ಅವರು ಕೇಳಿದ ಅನುಮತಿ ಸಿಗಲಿಲ್ಲ. ವರ್ಷಗಳು ಕಳೆದವು.

ಇತ್ತ ಅವರ ಕುರ್ಚಿಯಲ್ಲಿ 1920ರಲ್ಲಿ ಇನ್ನೊಬ್ಬ ಇಂಗ್ಲಿಷ್ ಲೇಖಕ ಬಂದು ಕುಳಿತಿದ್ದರು. ಅವರೇ ಮಾರ್ಮಡ್ಯೂಕ್ ಪಿಕ್ಥಾಲ್. ಕುರ್‌ಆನಿನ ಇಂಗ್ಲಿಷ್ ಅನುವಾದಕರೆಂದು ನಮ್ಮ ಓದುಗರಿಗೆ ಈ ಹೆಸರು ಗೊತ್ತು. ಅವರು ಪತ್ರಿಕೆಯ ಸಂಪಾದಕರಾಗಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಪಾದ್ರಿಯ ಮಗ, ಕಾದಂಬರಿಕಾರ, ಅರಬ್ ನಾಡುಗಳನ್ನು ತಿರುಗಿದವರು. 1917ರಲ್ಲಿ ಬಹಿರಂಗವಾಗಿ ಇಸ್ಲಾಮ್ ಸ್ವೀಕರಿಸಿದ್ದರು. ಖಿಲಾಫತ್ ಮತ್ತು ಅಸಹಕಾರ ಒಂದಾಗಿ ಹರಿದ ವರ್ಷಗಳಲ್ಲಿ ಕ್ರಾನಿಕಲ್ ನಡೆಸಿದವರು ಅವರೇ. ಮುಂಬಯಿಯಲ್ಲಿ ಉರ್ದು ಕಲಿತರು, ಗಾಂಧೀಜಿಯ ಜೊತೆ ನಿಂತರು. 1924ರಲ್ಲಿ ಪತ್ರಿಕೆ ಬಿಟ್ಟು ನಿಜಾಮರ ಹೈದರಾಬಾದಿಗೆ ಹೋಗಿ ಶಾಲೆಯ ಪ್ರಿನ್ಸಿಪಾಲರಾದರು. ಆಮೇಲೆ 'ಇಸ್ಲಾಮಿಕ್ ಕಲ್ಚರ್' ಎಂಬ ತ್ರೈಮಾಸಿಕವನ್ನು ಸಂಪಾದಿಸಿದರು. ಅಲ್ಲಿದ್ದಾಗಲೇ 1930ರಲ್ಲಿ ಅವರ ಕುರ್‌ಆನ್ ಅನುವಾದ ಹೊರಬಂದದ್ದು. ರಾಯಚೂರು, ಗುಲಬರ್ಗಾ, ಬೀದರುಗಳು ಅಂದು ಆ ರಾಜ್ಯದ ಭಾಗ.

ಇಬ್ಬರು ಇಂಗ್ಲಿಷರು, ಒಂದೇ ಕುರ್ಚಿ. ಪಿಕ್ಥಾಲ್ ಮುಂಬಯಿಗೆ ಬಂದರು, ದುಡಿದರು, ಹೋದರು. 1935ರಲ್ಲಿ ಹಿಂದೂಸ್ತಾನವನ್ನೂ ಬಿಟ್ಟು, ಮರುವರ್ಷ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರ ಮನಸ್ಸು ನೆಟ್ಟಿದ್ದು ದೀನ್ ಮತ್ತು ಗ್ರಂಥದ ಮೇಲೆ. ಊರು ಅವರಿಗೆ ತಂಗುದಾಣ. ಇದು ಅವರ ದೊಡ್ಡತನಕ್ಕೆ ಕುಂದಲ್ಲ. ಹಾರ್ನಿಮನ್ನರ ಮೋಹವೇ ಬೇರೆ. ಅವರು ಧರ್ಮಕ್ಕಾಗಿ ಬಂದವರಲ್ಲ, ಗಾಂಧೀಜಿಯ ಆಶ್ರಮವಾಸಿಯೂ ಆಗಲಿಲ್ಲ. ಅವರಿಗೆ ಬೇಕಾದದ್ದು ಮುಂಬಯಿ. ಅಲ್ಲಿನ ಗದ್ದಲ, ಸಭೆಗಳು, ಸಂಜೆಯ ಪತ್ರಿಕೆ ಕೂಗುವ ಹುಡುಗರು, ಬೆಳಗಾದರೆ ಇನ್ನೊಂದು ಜಗಳ.

1926ರ ಜನವರಿಯಲ್ಲಿ ಅವರು ಒಂದು ಉಪಾಯ ಮಾಡಿದರು. ಇಂಗ್ಲೆಂಡಿನಿಂದ ನೇರವಾಗಿ ಹಿಂದೂಸ್ತಾನಕ್ಕೆ ಬರಲು ಪಾಸ್‌ಪೋರ್ಟು ಕೊಡದಿದ್ದರೇನು, ಸಿಲೋನಿಗೆ ಬರಬಹುದಲ್ಲ! ಹಾಗೆ ಸಿಲೋನಿಗೆ ಬಂದು, ಅಲ್ಲಿಂದ ನಿಯಮದ ಸಂದಿಯಲ್ಲಿ ನುಸುಳಿ ಮದರಾಸಿಗೆ ಬಂದಿಳಿದರು. ಸರ್ಕಾರ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಮನುಷ್ಯ ಒಳಗಿದ್ದ. ಮತ್ತೆ ಹಿಡಿದು ಕಳಿಸುವ ಧೈರ್ಯ ಅದಕ್ಕಾಗಲಿಲ್ಲ. ಮುಂಬಯಿಗೆ ಬಂದಾಗ ಅವರಿಗೆ ಐವತ್ತೆರಡು ವರ್ಷ.

ಕ್ರಾನಿಕಲ್ ಆಗ ಸೈಯದ್ ಅಬ್ದುಲ್ಲಾ ಬ್ರೆಲ್ವಿಯವರ ಕೈಯಲ್ಲಿತ್ತು. ಹಾರ್ನಿಮನ್ನರ ಕೈಕೆಳಗೆ ಪಳಗಿದ ಬ್ರೆಲ್ವಿ 1924ರಲ್ಲಿ ಪಿಕ್ಥಾಲರ ನಂತರ ಸಂಪಾದಕರಾಗಿದ್ದರು. ಗುರು ಬಂದಾಗ ಶಿಷ್ಯ ಜಾಗ ಬಿಟ್ಟುಕೊಟ್ಟರು. ಆದರೆ ಹಾರ್ನಿಮನ್ನರಿಗೆ ಅಲ್ಲಿ ಬಹಳ ದಿನ ನಿಲ್ಲಲಾಗಲಿಲ್ಲ. ಅವರು ಹೊರಬಂದು 'ಇಂಡಿಯನ್ ನ್ಯಾಶನಲ್ ಹೆರಾಲ್ಡ್' ಎಂಬ ಪತ್ರಿಕೆ ತೆಗೆದರು, ಅದೂ ಬಾಳಲಿಲ್ಲ. ಪತ್ರಿಕೆಗೆ ಜೀವ ತುಂಬುವುದು ಅವರಿಗೆ ಗೊತ್ತಿತ್ತು, ಲೆಕ್ಕದ ಪುಸ್ತಕ ಸರಿದೂಗಿಸುವುದು ಗೊತ್ತಿರಲಿಲ್ಲ ಎಂದೇ ತೋರುತ್ತದೆ. 1933ರಲ್ಲಿ ಕ್ರಾನಿಕಲ್ ಬಳಗದಿಂದಲೇ 'ಬಾಂಬೆ ಸೆಂಟಿನೆಲ್' ಎಂಬ ಸಂಜೆ ಪತ್ರಿಕೆ ಹೊರಟಾಗ ಅದರ ಸಂಪಾದಕರಾಗಿ 1945ರವರೆಗೆ ದುಡಿದರು. ಪೋರ್ಟ್ಸ್‌ಮತ್ತಿನ ಸಂಜೆ ಪತ್ರಿಕೆಯಿಂದ ಆರಂಭವಾದ ವೃತ್ತಿ ಮುಂಬಯಿಯ ಸಂಜೆ ಪತ್ರಿಕೆಗೆ ಬಂದು ನಿಂತಿತು.

ವಿದ್ವಾಂಸರು ಸೆಂಟಿನೆಲ್ ದಿನಗಳನ್ನು ಅವರ ಇಳಿಗಾಲವೆಂದು ಬರೆಯುವುದುಂಟು. ನನಗೆ ಹಾಗನಿಸುವುದಿಲ್ಲ. ದಿನಪತ್ರಿಕೆಯ ಸಂಪಾದಕ ದೇಶದ ಬಗ್ಗೆ ಬರೆಯುತ್ತಾನೆ; ಸಂಜೆ ಪತ್ರಿಕೆಯವನು ಊರಿನ ಬಗ್ಗೆ ಬರೆಯುತ್ತಾನೆ. ಊರನ್ನು ಬೀದಿ ಬೀದಿಯಾಗಿ, ಪೊಲೀಸ್ ಠಾಣೆ ಠಾಣೆಯಾಗಿ ತಿಳಿಯದವನಿಂದ ಆ ಕೆಲಸ ಆಗದು. 1941ರ ಫೆಬ್ರವರಿಯಲ್ಲಿ ರುಸಿ ಕರಂಜಿಯಾ 'ಬ್ಲಿಟ್ಜ್' ವಾರಪತ್ರಿಕೆ ಆರಂಭಿಸಿದಾಗ, ನಾಡಕರ್ಣಿ ಎಂಬ ಪತ್ರಕರ್ತರೊಂದಿಗೆ ಜೊತೆಗೂಡಿ ನಿಂತವರಲ್ಲಿ ಅರವತ್ತೇಳರ ಈ ಮುದುಕರೂ ಒಬ್ಬರು. ಕನ್ನಡದ ಟ್ಯಾಬ್ಲಾಯ್ಡ್ ವಾರಪತ್ರಿಕೆಗಳು ಬರುವುದಕ್ಕೆ ನಾಲ್ಕು ದಶಕ ಮೊದಲೇ ಆ ಆಕಾರ, ಆ ದನಿ ಬ್ಲಿಟ್ಜಿನಲ್ಲಿ ಬಂದಿತ್ತು. ಪಾಣಿಪತ್ತಿನಿಂದ ಬಂದು ಕ್ರಾನಿಕಲ್ ಸೇರಿದ್ದ ಖ್ವಾಜಾ ಅಹಮದ್ ಅಬ್ಬಾಸ್ ಅಲ್ಲಿ ಆರಂಭಿಸಿದ 'ಲಾಸ್ಟ್ ಪೇಜ್' ಅಂಕಣವನ್ನು ಬ್ಲಿಟ್ಜಿಗೆ ಒಯ್ದು 1987ರಲ್ಲಿ ಸಾಯುವವರೆಗೆ ಬರೆದರು. ಅವರೂ ಮುಂಬಯಿಯನ್ನು ದತ್ತು ತೆಗೆದುಕೊಂಡವರೇ. ಅಥವಾ ಮುಂಬಯಿಯೇ ಅವರನ್ನು ದತ್ತು ತೆಗೆದುಕೊಂಡಿತೋ?

ದೇಶ ಇಬ್ಭಾಗವಾಗಿ ಸ್ವಾತಂತ್ರ್ಯ ಬಂತು. ಮುಂಬಯಿಯನ್ನು ಪ್ರೀತಿಸಿದವರು ಚೆಲ್ಲಾಪಿಲ್ಲಿಯಾದರು. ಇಲ್ಲಿ 'ಮುಸವ್ವಿರ್' ಎಂಬ ಸಿನಿಮಾ ವಾರಪತ್ರಿಕೆ ನಡೆಸಿದ್ದ ಸಆದತ್ ಹಸನ್ ಮಂಟೊ 1948ರ ಜನವರಿಯಲ್ಲಿ ಲಾಹೋರಿಗೆ ಹೊರಟುಹೋದರು. 1955ರಲ್ಲಿ ಸಾಯುವವರೆಗೂ ಅಲ್ಲಿ ಕುಳಿತು ಮುಂಬಯಿಯ ಕತೆಗಳನ್ನೇ ಬರೆದರು. ಜಿನ್ನಾ ಕರಾಚಿಯಲ್ಲಿ ಹುಟ್ಟಿದವರು. 1896ರಲ್ಲಿ ಮುಂಬಯಿಗೆ ಬಂದು ವಕೀಲಿ ಆರಂಭಿಸಿ ಐವತ್ತು ವರ್ಷಗಳ ಕಾಲ ಅದನ್ನೇ ತಮ್ಮ ಊರು ಮಾಡಿಕೊಂಡವರು. 1936ರಲ್ಲಿ ಮಲಬಾರ್ ಹಿಲ್ಲಿನಲ್ಲಿ ಮನೆ ಕಟ್ಟಿಸಿದರು. ಪಾಕಿಸ್ತಾನದ ಗವರ್ನರ್ ಜನರಲ್ ಆದ ಮೇಲೂ ಆ ಮನೆಯ ಮೇಲೆ ಅವರ ಜೀವವಿತ್ತು. ಅದನ್ನು ಬೇರೆಯವರಿಗೆ ಕೊಡಬೇಡಿ, ನಾನು ಅಲ್ಲಿಗೆ ಬರುವ ಆಸೆಯಿದೆ ಎಂಬ ಅರ್ಥದ ಮಾತನ್ನು ಅವರು ನೆಹರೂಗೆ ಹೇಳಿಕಳಿಸಿದ್ದನ್ನು ಕರಾಚಿಯಲ್ಲಿ ಭಾರತದ ಹೈಕಮಿಶನರ್ ಆಗಿದ್ದ ಶ್ರೀಪ್ರಕಾಶರು ಬರೆದಿದ್ದಾರೆ. ಬರಲಾಗಲಿಲ್ಲ. ಗೆರೆ ಎಳೆಸಿದವರಿಗೂ ಆ ಗೆರೆ ಅಡ್ಡವಾಗಿತ್ತು. 1948ರ ಸೆಪ್ಟೆಂಬರ್ 11ರಂದು ಅವರು ಕರಾಚಿಯಲ್ಲಿ ತೀರಿಕೊಂ‌ಡರು.

ಐದು ವಾರಗಳ ನಂತರ, ಅಕ್ಟೋಬರ್ 16ರಂದು, ಹಾರ್ನಿಮನ್ ಮುಂಬಯಿಯಲ್ಲಿ ತೀರಿಕೊಂಡರು. ಎಪ್ಪತ್ತೈದು ವರ್ಷ ವಯಸ್ಸು. ಟೌನ್‌ಹಾಲಿನ ಮುಂದೆ ಒಟ್ಟಿಗೆ ಸಾಲು ನಿಂತಿದ್ದ ಇಬ್ಬರಲ್ಲಿ ಒಬ್ಬರ ಪಾಲಿಗೆ ಮುಂಬಯಿ ಪರದೇಶವಾಗಿತ್ತು. ಪರದೇಶದಿಂದ ಬಂದವರ ಪಾಲಿಗೆ ಅದು ಕೊನೆಯವರೆಗೂ ಊರಾಗಿ ಉಳಿಯಿತು. ಬ್ರಿಟಿಷರು ಗಂಟುಮೂಟೆ ಕಟ್ಟಿ ಹೊರಟಾಗ ಅವರ ಜೊತೆ ಹೋಗಬೇಕೆಂದು ಹಾರ್ನಿಮನ್ನರಿಗೆ ಅನಿಸಿದಂತಿಲ್ಲ. 'ಪತ್ರಿಕಾವೃತ್ತಿಯ ಐವತ್ತು ವರ್ಷ' ಎಂಬ ಅರ್ಥದ ಹೆಸರಿಟ್ಟು ಬರೆಯುತ್ತಿದ್ದ ನೆನಪುಗಳ ಪುಸ್ತಕ ಅರ್ಧಕ್ಕೇ ನಿಂತಿತು.

ಮೂರು ತಿಂಗಳು ಕಳೆಯುವುದರೊಳಗೆ, 1949ರ ಜನವರಿಯಲ್ಲಿ, ಬ್ರೆಲ್ವಿಯವರೂ ಹೋದರು. ಈ ಬ್ರೆಲ್ವಿಯವರ ಬಗ್ಗೆ ನಮ್ಮವರೇ ಹೆಚ್ಚು ಬರೆದಿಲ್ಲ. ಕಾನೂನುಭಂಗ ಚಳವಳಿಯಲ್ಲಿ ಜೈಲಿಗೆ ಹೋದವರು. 1929ರಲ್ಲಿ ರೂಪುಗೊಂಡ ರಾಷ್ಟ್ರೀಯ ಮುಸ್ಲಿಮರ ಪಕ್ಷದ ಮುಂಚೂಣಿಯಲ್ಲಿದ್ದವರು. ಲೀಗಿನ ಅಬ್ಬರದ ದಿನಗಳಲ್ಲಿ ಸ್ವಂತ ಸಮುದಾಯದಿಂದ ಬೈಸಿಕೊಂಡವರು. ಆದರೂ ಕಾಲು ಶತಮಾನ ಒಂದೇ ಪತ್ರಿಕೆಯನ್ನು ಒಂದೇ ದನಿಯಲ್ಲಿ ನಡೆಸಿದರು. ಹಾರ್ನಿಮನ್ ಪತ್ರಿಕೆ ಹುಟ್ಟಿಸುತ್ತ, ಬಿಡುತ್ತ ಹೋದರೆ ಬ್ರೆಲ್ವಿ ಕಾಪಾಡಿಕೊಂಡು ಬಂದರು. ಅವರಿಲ್ಲದ ಕ್ರಾನಿಕಲ್ ಹತ್ತು ವರ್ಷ ಉಸಿರು ಹಿಡಿದು 1959ರಲ್ಲಿ ನಿಂತಿತು.

ಈಗ ಆ ಉದ್ಯಾನದಲ್ಲಿ ವರ್ಷಕ್ಕೊಮ್ಮೆ 'ರೂಹಾನಿಯತ್' ಸೂಫಿ ಸಂಗೀತೋತ್ಸವ ನಡೆಯುತ್ತದೆ. ಕವ್ವಾಲರು ಬರುತ್ತಾರೆ, ಬಾವುಲರು ಬರುತ್ತಾರೆ. ಕೇಳಲು ಬರುವವರಲ್ಲಿ ಹಾರ್ನಿಮನ್ ಯಾರೆಂದು ಗೊತ್ತಿರುವವರು ಕಡಿಮೆ ಇರಬಹುದು. ಇರಲಿ, ಟ್ಯಾಕ್ಸಿಯವರಂತೂ ದಿನಕ್ಕೆ ಹತ್ತು ಸಲ ಆ ಹೆಸರು ಹೇಳುತ್ತಾರೆ. ವೃತ್ತದಿಂದ ಒಡೆದು ಹೋಗುವ ಬೀದಿಯೊಂದಕ್ಕೆ ಹಿಂದೆ ಪಾರ್ಸಿ ಬಜಾರ್ ಸ್ಟ್ರೀಟ್ ಎಂದು ಹೆಸರಿತ್ತು. ಅಲ್ಲಿನ ರೆಡ್ ಹೌಸ್ ಎಂಬ ಕೆಂಪು ಕಟ್ಟಡದಿಂದ ಕ್ರಾನಿಕಲ್ ಹೊರಡುತ್ತಿತ್ತು. 1822ರಲ್ಲಿ ಹುಟ್ಟಿದ ಗುಜರಾತಿ ಪತ್ರಿಕೆ ಮುಂಬಯಿ ಸಮಾಚಾರದ ಕಚೇರಿಯೂ ಅದೇ ಕಟ್ಟಡದಲ್ಲಿದೆ. ಅಲ್ಲಿಗೆ ಕಾಗದ ಬರೆಯುವವರು ಲಕೋಟೆಯ ಮೇಲೆ ಹೀಗೆ ವಿಳಾಸ ಬರೆಯುತ್ತಾರೆ: ರೆಡ್ ಹೌಸ್, ಸೈಯದ್ ಅಬ್ದುಲ್ಲಾ ಬ್ರೆಲ್ವಿ ರಸ್ತೆ, ಹಾರ್ನಿಮನ್ ಸರ್ಕಲ್, ಫೋರ್ಟ್, ಮುಂಬಯಿ.